ಖಿನ್ನತೆಯ ಮಾತ್ರೆ ಮತ್ತು ಸೆರೊಟೋನಿನ್: ಗುಣ ಕಾಣಲು ತಡವೇಕೆ?

ಪ್ರಶ್ನೆ (ಶಿರಸಿ):
ಅಡಿಕೆ ಕೊಯ್ಲಿನ ಹೊತ್ತಿಗೂ ಅಂಗಳಕ್ಕಿಳಿಯದೆ ಮಂಕಾಗಿ ಕುಳಿತಿರುವ ನನ್ನ ಅಣ್ಣನಿಗೆ ವೈದ್ಯರು ಎಸ್ಸಿಟಾಲೊಪ್ರಾಮ್ ಎಂಬ ಖಿನ್ನತೆಯ ಮಾತ್ರೆ ಆರಂಭಿಸಿ ಹತ್ತು ದಿನಗಳಾದವು. ಮಿದುಳಿನ ನರಕೋಶಗಳ ನಡುವೆ ಸಂದೇಶ ಒಯ್ಯುವ ಸೆರೊಟೋನಿನ್ ಎಂಬ ರಾಸಾಯನಿಕದ ಕೊರತೆಯೇ ಖಿನ್ನತೆಗೆ ಕಾರಣವಾದರೆ, ಮಾತ್ರೆ ನುಂಗಿದ ಮೇಲೂ ಗುಣ ಕಾಣದಿರುವುದೇಕೆ? ನಿಲ್ಲಿಸಬಹುದೇ?

ಉತ್ತರ (ಕಾರವಾರ):
ವೈದ್ಯರನ್ನು ಕೇಳದೆ ದಯವಿಟ್ಟು ನಿಲ್ಲಿಸಬೇಡಿ. ನರಕೋಶವು ತಾನು ಹೊರಬಿಟ್ಟ ಸೆರೊಟೋನಿನನ್ನು ಮರಳಿ ಹೀರಿಕೊಳ್ಳುವುದನ್ನು ಈ ಮಾತ್ರೆ ಕೆಲವೇ ಗಂಟೆಗಳಲ್ಲಿ ತಡೆಯುತ್ತದೆಯಾದರೂ, ಹೀಗೆ ಹೆಚ್ಚಿದ ಸೆರೊಟೋನಿನ್‌ಗೆ ಗ್ರಾಹಕಗಳು (ಅದರ ಸಂದೇಶವನ್ನು ಸ್ವೀಕರಿಸುವ, ನರಕೋಶದ ಮೇಲಿನ ಭಾಗಗಳು) ಹೊಂದಿಕೊಂಡು, ನರಕೋಶಗಳ ನಡುವಿನ ಸಂಪರ್ಕಗಳು ನಿಧಾನವಾಗಿ ಬದಲಾದ ಮೇಲೆಯೇ ಮನಸ್ಸು ಚೇತರಿಸಿಕೊಳ್ಳುತ್ತದೆಂದು ಭಾವಿಸಲಾಗಿದೆ. ಅದಕ್ಕೆ ಸಾಮಾನ್ಯವಾಗಿ 2ರಿಂದ 6 ವಾರ ಬೇಕು. ಮೊದಮೊದಲು ಓಕರಿಕೆ, ತಳಮಳ ಇರಬಹುದು. ಸಾಯುವ ಮಾತನ್ನಾಡಿದರೆ ಮಾತ್ರ ಒಂದು ದಿನವೂ ಕಾಯದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ (14416) ಹಗಲಿರುಳೂ ಉಚಿತವಾಗಿ ದೊರೆಯುತ್ತದೆ.

ಉತ್ತರ (ಕುಮಟಾ):
ಕೊರತೆಯ ವಿವರಣೆ ತೀರ ಸರಳವಾದದ್ದು. 1950ರ ದಶಕದಲ್ಲಿ, ಮಿದುಳಿನಲ್ಲಿ ಸೆರೊಟೋನಿನ್‌ನಂತಹ ರಾಸಾಯನಿಕಗಳನ್ನು ಹೆಚ್ಚಿಸುವ ಇಪ್ರೋನಿಯಾಜಿಡ್ ಎಂಬ ಕ್ಷಯದ ಔಷಧ ಪಡೆದ ರೋಗಿಗಳು ಉಲ್ಲಸಿತರಾದದ್ದು ಇಂತಹ ಊಹೆಗಳಿಗೆ ದಾರಿಮಾಡಿತು; 2022ರ ವಿಸ್ತೃತ ಪರಿಶೀಲನೆಯೊಂದಕ್ಕೆ ಸೆರೊಟೋನಿನ್ ಕೊರತೆಯ ಬಗ್ಗೆ ಸ್ಥಿರವಾದ ಪುರಾವೆ ಸಿಗಲಿಲ್ಲ. ಹಾಗೆಂದು ಮಾತ್ರೆ ವ್ಯರ್ಥವಲ್ಲ. ಕಷಾಯದಿಂದ ಕೆಮ್ಮು ಇಳಿದರೆ, ಕಷಾಯದ ಕೊರತೆಯಿಂದಲೇ ಕೆಮ್ಮು ಬಂದಿತ್ತೆಂದು ನಾವು ಹೇಳುವುದಿಲ್ಲವಲ್ಲ.

ಪ್ರಶ್ನಿಸಿದವರು:
ಇಬ್ಬರಿಗೂ ಕೃತಜ್ಞತೆಗಳು. ಮಾತ್ರೆ ಮುಂದುವರಿಸುತ್ತೇವೆ, ಈ ವಾರವೇ ಅಣ್ಣನನ್ನು ವೈದ್ಯರಿಗೆ ಮತ್ತೊಮ್ಮೆ ತೋರಿಸುತ್ತೇನೆ.