ಅಪ್‌ಡೇಟ್: ಸಿಕ್ಕಿದ್ದೆಲ್ಲಾ ನುಂಗೂ ನಮ್ಮ ನಾಯಿಮರಿ

ಹೋದ ತಿಂಗಳ ಕೇಳಿದ್ದೆ ನೋಡ್ರಿ, ನಾಲ್ಕ ತಿಂಗಳ ಮರಿ ವಾಕಿಂಗ್‌ನ್ಯಾಗ ಹುಳ, ಎಲುಬು ಏನ್ ಸಿಕ್ಕರೂ ಬಾಯಾಗ ಹಾಕ್ಕೊತೈತಿ ಅಂತ. ಕಸಗೋಬ್ಯಾಡ್ರಿ, ಬದಲಿ ಏನರ ಕೊಟ್ಟು ಬಿಡಸ್ರಿ ಅಂದಿದ್ರಿ. ಕುದಿಸಿದ ಕೋಳಿ ತುಣುಕು ಕಿಸೆದಾಗ ಇಟ್ಕೊಂಡು ಹೊಂಟೆ. ಈಗ ‘ಬಿಡು’ ಅಂದ್ರ ಹತ್ತಕ್ಕ ಆರೇಳ ಸಲ ಬಿಡತೈತಿ. ಮಿಡತಿ ಕಂಡ್ರ ಮಾತ್ರ ನಾ ಯಾರೋ, ಅದು ಯಾರೋ!

ಡಾಕ್ಟ್ರು ಒಂದೆರಡ ಮಿಡತಿಗೆ ಅಂಜಬ್ಯಾಡ್ರಿ, ನೆಲಗಪ್ಪಿ, ಬೇಯಿಸಿದ ಎಲುಬು, ದ್ರಾಕ್ಷಿಗೆ ಅಂಜ್ರಿ ಅಂದ್ರು. ಒಣದ್ರಾಕ್ಷಿ ತಿಂದ್ರೂ ನಾಯಿ ಕಿಡ್ನಿ ಕೆಡಬಹುದಂತ. ವಿಜಯಪುರದಾಗ ಒಣದ್ರಾಕ್ಷಿ ಇಲ್ಲದ ಮನಿ ಎಲ್ಲೈತಿ ಹೇಳ್ರಿ? ನಮ್ಮವ್ವ ಮುದ್ದಿಗಂತ ದಿನಾ ಒಂದೆರಡು ತಿನಸ್ತಿದ್ಲು, ನನಗ ಗೊತ್ತೇ ಇರಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದ್ವಿ, ಏನೂ ಆಗಿಲ್ಲ. ಡಬ್ಬಿ ಈಗ ಅಟ್ಟದ ಮ್ಯಾಲೈತಿ.