ಚಿತ್ರಸಂತೆಗೆ ಮೊದಲ ಸಲ ಹೋಗ್ತಾ ಇದೀವಿ, ಹಸೆ ಚಿತ್ತಾರಕ್ಕೆ ಬೆಲೆ ಕಟ್ಟೋದು ಹೇಗೆ?

ಕೆಮ್ಮಣ್ಣು:

ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರದ ಹತ್ತಿರ ಒಂದು ಹಳ್ಳಿ. ನಾನೂ ನಮ್ಮತ್ತೆಯೂ ಸೇರಿ ಹಸೆ ಚಿತ್ತಾರ, ಅಂದ್ರೆ ಮದುವೆಗೆ ಗೋಡೆ ಮೇಲೆ ಬರೆಯೋ ಸಾಂಪ್ರದಾಯಿಕ ಚಿತ್ರ, ಬರೀತೀವಿ. ಅತ್ತೆ ಮದುವೆ ಮನೆಗಳ ಗೋಡೆ ಮೇಲೆ ಬರೆದು ಬರೆದೇ ಕಲಿತೋರು, ನಾನು ಮದುವೆಯಾಗಿ ಬಂದ ಮೇಲೆ ಅವರ ಪಕ್ಕ ಕೂತು ಕಲಿತೆ. ಈಗ ದಪ್ಪ ಬಟ್ಟೆ ಮೇಲೆ, ಹಾಳೆ ಮೇಲೂ ಬರೀತೀವಿ. ಹಿನ್ನೆಲೆಗೆ ಕೆಮ್ಮಣ್ಣು, ಗೆರೆಗೆ ಅಕ್ಕಿ ಅರೆದ ಬಿಳಿ, ಕಪ್ಪಿಗೆ ಸೀದುಹೋಗೋ ಹಾಗೆ ಹುರಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಕುಂಚ ಪುಂಡಿ ನಾರಿಂದು. ಅಂಗಡಿ ಬಣ್ಣ ಮುಟ್ಟೋಕೆ ಅತ್ತೆ ಬಿಡಲ್ಲ.

ಬೆಂಗಳೂರಲ್ಲಿ ಭಾನುವಾರ ಒಂದು ದಿನ ರಸ್ತೇಲಿ ಚಿತ್ರ ಮಾರೋ ಚಿತ್ರಸಂತೆಗೆ ಅರ್ಜಿ ಹಾಕಿದ್ವಿ, ಜಾಗ ಸಿಕ್ಕಿದೆ. ಇಷ್ಟು ದಿನ ಕೇಳಿದವರಿಗೆ ಬರೆದುಕೊಟ್ಟಿದ್ದು ಬಿಟ್ರೆ ಮಾರಾಟ ಅಂತ ಮಾಡಿದ್ದಿಲ್ಲ. ಎರಡಡಿಗೆ ಮೂರಡಿಯ ಒಂದು ಬಾಸಿಂಗದ ಚಿತ್ತಾರಕ್ಕೆ ವಾರದ ಮೇಲೇ ಹಿಡಿಯುತ್ತೆ, ಅದೂ ಇದು ಅಡಿಕೆ ಸುಲಿಯೋ ಕಾಲ, ರಾತ್ರಿ ಹೊತ್ತೇ ಕೂರಬೇಕು. ನಮ್ಮನೆಯವರು "ಸುಲಿಯೋ ಕೂಲಿ ಲೆಕ್ಕ ಹಾಕಿ ಬೆಲೆ ಇಡು" ಅಂತಾರೆ. ಒಂದ್ಸಲ ಸಂತೆ ನೋಡಿ ಬಂದ ಪಕ್ಕದ ಮನೆಯವರು "ರಸ್ತೇಲಿ ನಿಂತು ಯಾರೂ ಐನೂರರ ಮೇಲೆ ಕೊಡಲ್ಲ" ಅಂತಾರೆ. ಯಾರನ್ನ ನಂಬೋದು?

ಇನ್ನೊಂದು, ನನ್ನ ತಮ್ಮ ಫೋನ್‌ಪೇ ಗೀನ್‌ಪೇ ಬೇಡ, ಟ್ಯಾಕ್ಸ್ ನೋಟಿಸ್ ಬರುತ್ತೆ ಅಂತ ಹೆದರಿಸ್ತಾನೆ. ಚಿತ್ರದ ಮೇಲೆ ಹೆಸರು ಹಾಕಬೇಕಾ? ಅತ್ತೆನ ಕೇಳಿದ್ರೆ "ಹಸೆ ಗೋಡೆಗೆ ಯಾರಾದ್ರೂ ಹೆಸರು ಬರೀತಾರೇನೆ?" ಅಂತ ನಗ್ತಾರೆ. ಅವರೂ ಬರ್ತೀನಿ ಅಂತಿದಾರೆ, ಅರವತ್ತು ದಾಟಿದೆ, ಇಡೀ ದಿನ ರಸ್ತೇಲಿ ಕೂರೋಕಾಗುತ್ತಾ?

ಮೆಜೆಸ್ಟಿಕ್_ಮಂದಿ:

ತಾಳಗುಪ್ಪ ರೈಲಿಗೆ ಹತ್ತಿದ್ರೆ ನಸುಕಿಗೇ ಮೆಜೆಸ್ಟಿಕ್. ಅಲ್ಲಿಂದ ಸಂತೆ ನಡೆಯೋ ಕುಮಾರಕೃಪಾ ರಸ್ತೆ ದೂರ ಏನಲ್ಲ. ಭಾನುವಾರ ಮೆಟ್ರೋ ತಡವಾಗಿ ಶುರುವಾಗೋದು, ಚಿತ್ರದ ಗಂಟು ಬೇರೆ ಇರುತ್ತೆ, ಆಟೋನೇ ಮಾಡ್ಕೊಳ್ಳಿ. ಆಮೇಲೆ ರಸ್ತೆ ಮುಚ್ತಾರೆ, ಗಾಡಿ ಬಿಡಲ್ಲ.

ಜಲವರ್ಣ:

ಹಳೇ ಬೆಂಗಳೂರಿನ ಬೀದಿಗಳನ್ನ ಜಲವರ್ಣದಲ್ಲಿ ಬರೆದು ಆ ಸಂತೇಲಿ ಮಾರೋಳು ನಾನು. ಬೆಲೆ ವಿಷಯ ಮೊದಲು ಹೇಳ್ತೀನಿ, ಮಿಕ್ಕಿದ್ದೆಲ್ಲ ಅಲ್ಲಿ ಹೋದ ಮೇಲೆ ತಾನಾಗೇ ಗೊತ್ತಾಗುತ್ತೆ.

ನಿಮ್ಮನೆಯವರು ಹೇಳಿದ್ದು ಸರಿ. ದಿನಕ್ಕೆ 600 ಅಂತ ಹಿಡಿದ್ರೂ ಎಂಟು ದಿನಕ್ಕೆ 4,800 ಆಯ್ತು. ಅದರ ಮೇಲೆ ಚೌಕಟ್ಟು, ರೈಲು, ಊಟ. ಆರು ಸಾವಿರಕ್ಕಿಂತ ಕೆಳಗೆ ಹೇಳಿದ್ರಿ ಅಂದ್ರೆ ನೀವೇ ಕೈಯಿಂದ ದುಡ್ಡು ಹಾಕಿ ಚಿತ್ರ ಕಳಿಸಿಕೊಟ್ಟ ಹಾಗೆ. ಪಕ್ಕದ ಮನೆಯವರೂ ಸುಳ್ಳು ಹೇಳಿಲ್ಲ, ಅವರು ನೋಡಿರೋದು ಮಧ್ಯಾಹ್ನದ ಜನಾನ. ಹನ್ನೊಂದರ ಮೇಲೆ ಬರೋರು ಮಕ್ಕಳು ಮರಿ ಕಟ್ಕೊಂಡು ಜಾತ್ರೆ ಅಂತ ಬರ್ತಾರೆ, ನೂರು ಇನ್ನೂರರದ್ದು ಏನಾದ್ರೂ ಕೊಳ್ತಾರೆ, ಐನೂರು ಹೆಚ್ಚು. ದೊಡ್ಡ ಚಿತ್ರ ಕೊಳ್ಳೋರು ನನ್ನ ಅನುಭವದಲ್ಲಿ ಬೆಳಗ್ಗೆ ಬೆಳಗ್ಗೇನೇ ಬರ್ತಾರೆ. ಹೊಸ ಮನೆ ಕಟ್ಟಿರ್ತಾರೆ, ಗೋಡೆ ಅಳತೆ ಫೋನಲ್ಲಿ ಬರ್ಕೊಂಡಿರ್ತಾರೆ, ಒಂದು ಸುತ್ತು ಹಾಕಿ ವಾಪಸ್ ಬಂದು ನಿಲ್ತಾರೆ. ಅವರು ಚೌಕಾಸಿ ಮಾಡೋದು ಕಮ್ಮಿ. ಅವರು ಬರೋ ಹೊತ್ತಿಗೆ ನೀವಿನ್ನೂ ಹಗ್ಗ ಕಟ್ತಾ ಇದ್ರೆ ಮುಂದಿನ ಮಳಿಗೆಗೆ ಹೋಗಿಬಿಡ್ತಾರೆ. ಎಂಟಕ್ಕೆಲ್ಲ ತೂಗುಹಾಕಿ ಮುಗಿಸಿರಿ.

ಪ್ರತಿಯೊಂದಕ್ಕೂ ಚೀಟಿ ಅಂಟಿಸಿ: ಹೆಸರು, ಅಳತೆ, ಬೆಲೆ. ಬೆಲೆ ಕೇಳೋಕೆ ಎಷ್ಟೋ ಜನ ಸಂಕೋಚಪಟ್ಕೊಂಡು ಹಾಗೇ ಮುಂದೆ ಹೋಗ್ತಾರೆ. "ಕಡಿಮೆ ಮಾಡ್ಕೊಳ್ಳಿ" ಅಂದ್ರೆ ಬೆಲೆ ಇಳಿಸಬೇಡಿ, ಜೊತೆಗೆ ಏನಾದ್ರೂ ಚಿಕ್ಕದು ಕೊಡಿ. ಚಿಕ್ಕದು ಅಂದ್ರೆ ಚಿತ್ತಾರ ಸ್ಕ್ಯಾನ್ ಮಾಡಿಸಿ ಕಾರ್ಡು, ಪುಸ್ತಕದೊಳಗೆ ಇಡೋ ಪಟ್ಟಿ, ಕ್ಯಾಲೆಂಡರ್. ನನ್ನ ಅನುಭವದಲ್ಲಿ ದಿನದ ಖರ್ಚು ಹುಟ್ಟಿಸೋದು ಇವೇ.

ಒಂದಕ್ಕೆ ತಯಾರಾಗಿ ಬನ್ನಿ. ಸಂಜೆವರೆಗೆ "ಇದು ವಾರ್ಲಿನಾ?" ಅಂತ ಕೇಳ್ತಾನೇ ಇರ್ತಾರೆ. ಸಿಟ್ಟು ಮಾಡ್ಕೋಬೇಡಿ. ವಾರ್ಲಿ ಚಿತ್ರಕಲೆ ಮಹಾರಾಷ್ಟ್ರದ್ದು, ಇದು ನಮ್ಮ ಮಲೆನಾಡಿನ ದೀವರ ಸಮುದಾಯದ ಮದುವೆ ಮನೆದು, ಬಣ್ಣ ಪೂರ್ತಿ ಮಣ್ಣು ಅಕ್ಕಿ ಕಾಯಿಯಿಂದ ಅಂತ ನಾಲ್ಕು ಸಾಲು ಕನ್ನಡದಲ್ಲೂ ಇಂಗ್ಲಿಷಲ್ಲೂ ದಪ್ಪಕ್ಷರದಲ್ಲಿ ಬರೆದು ತೂಗುಹಾಕಿ. ಅತ್ತೆಯವರನ್ನ ಖಂಡಿತ ಕರ್ಕೊಂಡು ಬನ್ನಿ. ಅವರು ಪುಂಡಿ ನಾರು ಹಿಡಿದು ಜೋಗಿ ಜಡೆ ಅನ್ನೋ ಚಿತ್ತಾರದ ಒಂದು ಎಳೆ ಎಳೆದ್ರೆ ಸಾಕು, ಜನ ಮುತ್ಕೋತಾರೆ. ಆದರೆ ಅವರನ್ನ ಮಳಿಗೆ ನಡುವೆ ಕೂರಿಸಬೇಡಿ, ನೋಡೋರ ಗುಂಪಿನ ಹಿಂದೆ ಕೊಳ್ಳೋರು ಸಿಕ್ಕಿಹಾಕ್ಕೊಂಡು ಕಾಣೋದೇ ಇಲ್ಲ. ಒಂದು ತುದಿಗೆ ಕೂರಿಸಿ. ಬೆನ್ನಿಗೆ ಆಸರೆ ಇರೋ ಕುರ್ಚಿ, ಕೊಡೆ, ನೀರು ತನ್ನಿ. ಮರದ ನೆರಳಿದೆ ಅಂತ ಕೂತರೆ ಹನ್ನೆರಡಕ್ಕೆ ನೆರಳು ಎದುರು ಸಾಲಿಗೆ ಹೋಗಿರುತ್ತೆ. ಗಿಡದ ಹಳದಿ ಬಿಸಿಲಿಗೆ ಮಂಕಾಗುತ್ತೆ, ಅಂಥ ಚಿತ್ರಗಳನ್ನ ಹಿಂದಿನ ಸಾಲಿಗೆ ಹಾಕಿ. ಮೂರನೇ ಆಳು ಒಬ್ಬರಿರಲಿ, ಶೌಚಾಲಯಕ್ಕೆ ಹೋಗಿ ಬರೋಕೇ ಅರ್ಧ ಗಂಟೆ ಬೇಕು ಆ ನೂಕಲಲ್ಲಿ.

ತಮ್ಮನಿಗೆ ಹೇಳಿ: 2025ರ ಜುಲೈನಲ್ಲಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದಿದ್ದು ಯುಪಿಐ ತಗೊಂಡ್ರು ಅಂತಲ್ಲ, ವರ್ಷದ ವಹಿವಾಟು ಮಿತಿ ದಾಟಿದೆ ಅಂತ. ಸರಕು ಮಾರೋರಿಗೆ ಜಿಎಸ್‌ಟಿ ನೋಂದಣಿ ಮಿತಿ ನಮ್ಮಲ್ಲಿ ವರ್ಷಕ್ಕೆ 40 ಲಕ್ಷ. ಚಿತ್ತಾರದಲ್ಲಿ 40 ಲಕ್ಷ ಆದ್ರೆ ದಯವಿಟ್ಟು ನನಗೂ ತಿಳಿಸಿ, ನಾನೂ ಬ್ರಷ್ ಬಿಸಾಕಿ ಪುಂಡಿ ನಾರು ಹಿಡೀತೀನಿ. ಕ್ಯೂಆರ್ ಇಟ್ಕೊಳ್ಳಿ, ಚಿಲ್ಲರೆನೂ ಇಟ್ಕೊಳ್ಳಿ. ಮಧ್ಯಾಹ್ನ ಅಷ್ಟು ಜನಕ್ಕೆ ನೆಟ್‌ವರ್ಕ್ ನಿಂತೇಹೋಗುತ್ತೆ. ಅವರ ಫೋನಿನ ಸ್ಕ್ರೀನ್ ತೋರಿಸಿದ್ರೆ ಸಾಲದು, ನಿಮ್ಮ ಫೋನಿಗೆ ಬಂತಾ ನೋಡ್ಕೊಂಡು ಚಿತ್ರ ಕೊಡಿ.

ಸಂತೆಗೆ ಆ ವರ್ಷದ್ದು ಅಂತ ಒಂದು ವಿಷಯ ಇಡ್ತಾರೆ, ಅದಕ್ಕೆ ತಕ್ಕಂತೆ ಬರೀಬೇಕಾ ಅಂತ ಹೊಸಬರೆಲ್ಲ ಕೇಳ್ತಾರೆ. ಬೇಡ. 2024ರಲ್ಲಿ ಇಸ್ರೋ ವಿಜ್ಞಾನಿಗಳಿಗೆ ಸಂತೆ ಅರ್ಪಣೆ ಅಂದ್ರು, ಹಾಗಂತ ದಿಬ್ಬಣದ ಪಲ್ಲಕ್ಕಿ ಜಾಗಕ್ಕೆ ರಾಕೆಟ್ ಬರೆಯೋಕಾಗುತ್ತಾ?

ಹುಣಸೆಕಡ್ಡಿ:

ತಾಯಿ, ನಾನು ಮೈಸೂರಿನವನು, ಸಾಂಪ್ರದಾಯಿಕ ಚಿತ್ರ ಬರೆಯೋನು. ಹುಣಸೆ ಕಡ್ಡಿ ಇದ್ದಿಲಿನಲ್ಲಿ ರೇಖೆ ಹಾಕಿ, ಜೆಸ್ಸೋ ಅನ್ನೋ ಉಬ್ಬು ಲೇಪದ ಕೆಲಸ ಮಾಡಿ, ಚಿನ್ನದ ರೇಕು ಕೂರಿಸೋ ಹೊತ್ತಿಗೆ ತಿಂಗಳು ಉರುಳಿರುತ್ತೆ. ಹಾಗಾಗಿ ಬೆಲೆ ಕಟ್ಟೋ ಸಂಕಟ ನನಗೂ ಗೊತ್ತು.

ಮೇಲಿನ ಹೆಣ್ಣುಮಗಳು ಹೇಳಿದ್ದರಲ್ಲಿ ಒಂದು ಮಾತು ಮಾತ್ರ ನಾನು ಒಪ್ಪೋದಿಲ್ಲ. ಅಚ್ಚು ಹಾಕಿಸಿದ ಕಾರ್ಡನ್ನು ಮೂಲ ಚಿತ್ರದ ಪಕ್ಕ ಇಡಬೇಡಿ. ಜಲವರ್ಣದ ಬೀದಿ ಚಿತ್ರಕ್ಕೆ ಅದು ನಡೆಯುತ್ತೆ. ಮಣ್ಣಿನ ಚಿತ್ತಾರದ ಸೊಗಸು ಇರೋದೇ ಆ ಒರಟು ಮೈಯಲ್ಲಿ, ಅಚ್ಚಿನಲ್ಲಿ ಅದು ಸತ್ತುಹೋಗುತ್ತೆ. ನೂರು ರೂಪಾಯಿಗೆ ಅದೇ ಬಾಸಿಂಗ ಸಿಗೋವಾಗ ಆರು ಸಾವಿರದ್ದನ್ನ ಯಾಕೆ ತಗೊಳ್ಳಲಿ ಅಂತ ನೋಡಿದವರಿಗೆ ಅನ್ನಿಸದೆ ಇರುತ್ತಾ? ಚಿಕ್ಕದು ಬೇಕಾದ್ರೆ ಚಿಕ್ಕದನ್ನೇ ಕೈಯಲ್ಲಿ ಬರೀರಿ. ಭೂಮಿ ಹುಣ್ಣಿಮೆಗೆ ನೀವು ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು ಭೂಮಣ್ಣಿ ಚಿತ್ತಾರ ಬರೀತೀರಲ್ಲ, ಅಂಥದ್ದೇ ಅಂಗೈಯಗಲದ ಬುಟ್ಟಿ ಹತ್ತಾರು ಮಾಡ್ಕೊಂಡು ಹೋಗಿ. ಬುಟ್ಟಿಗೆ 350 ಹೇಳಿ. ಬೆಂಗಳೂರಿನಲ್ಲಿ ಅದು ಇನ್ಯಾರ ಹತ್ತಿರ ಸಿಗುತ್ತೆ?

ಹೆಸರು ಹಾಕಲೇಬೇಕು. ಮುಂದೆ ಹಾಕೋಕೆ ಅತ್ತೆಯವರಿಗೆ ಮನಸ್ಸಿಲ್ಲದಿದ್ರೆ ಹಿಂದುಗಡೆ ಇಬ್ಬರ ಹೆಸರು, ಊರು, ವರ್ಷ, ಫೋನ್ ನಂಬರ್ ಬರೀರಿ. ಆ ದಿನ ಕೊಳ್ಳೋರಿಗಿಂತ, ಯಾರದೋ ಮನೆ ಗೋಡೆ ಮೇಲೆ ನೋಡಿ ಮೂರು ತಿಂಗಳ ಮೇಲೆ ಫೋನ್ ಮಾಡೋರೇ ನನಗೆ ಹೆಚ್ಚು ಅನ್ನ ಹಾಕಿರೋದು.

ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಿಂದ ಕುಶಲಕರ್ಮಿಗಳಿಗೆ ಕೊಡೋ ಪೆಹಚಾನ್ ಕಾರ್ಡ್ ಇಬ್ಬರೂ ಮಾಡಿಸ್ಕೊಳ್ಳಿ. ಗಾಂಧಿ ಶಿಲ್ಪ ಬಜಾರ್ ಥರದ ಮೇಳಗಳಿಗೆ ಅದು ಬೇಕು. ಸ್ವಸಹಾಯ ಸಂಘದಲ್ಲಿದ್ರೆ ಸರಸ್ ಮೇಳಕ್ಕೂ ಕೇಳಬಹುದು. ಅವು ಒಂದು ದಿನದವಲ್ಲ, ವಾರ ಹತ್ತು ದಿನ ನಡೀತವೆ, ಗಿರಾಕಿ ಇವತ್ತು ನೋಡಿ ಹೋಗಿ ನಾಳೆ ಮನೆಯವರನ್ನ ಕರ್ಕೊಂಡು ಬರ್ತಾನೆ. ಮಾಲುಗಳಲ್ಲಿ ಪ್ರದರ್ಶನ ಅಂತ ಫೋನ್ ಮಾಡೋರ ಹತ್ತಿರ ಮಾತ್ರ ಹುಷಾರು. ಎರಡು ದಿನಕ್ಕೆ ಹದಿನೈದು ಸಾವಿರ ಬಾಡಿಗೆ ತಗೊಂಡು, ಮಾರಾಟದಲ್ಲೂ ಪಾಲು ಕೇಳಿ, ಕೊನೆಗೆ ನನ್ನನ್ನ ಎಸ್ಕಲೇಟರ್ ಹಿಂದೆ ಕೂರಿಸಿದ್ದ ಒಬ್ಬ ಪುಣ್ಯಾತ್ಮ.

ಕೆಮ್ಮಣ್ಣು:

ಇಬ್ಬರಿಗೂ ತುಂಬಾ ಧನ್ಯವಾದ. ಬುಟ್ಟಿ ಮಾತು ಓದಿ ಹೇಳಿದ್ದಕ್ಕೆ ಅತ್ತೆಗೆ ಭಾರೀ ಖುಷಿ. ಆದರೆ ಹಬ್ಬದ ಬುಟ್ಟಿ ಮಾರೋದಲ್ಲ, ಬೇರೆ ಅಳತೆಗೆ ಬೇರೆ ಬುಟ್ಟಿ ಹೆಣೆಸ್ಕೊಂಡು ಬಾ ಅಂದ್ರು. ಕಾರ್ಡು ಮಾಡಿಸ್ತೀವಿ ಜಲವರ್ಣ ಅಕ್ಕ, ಆದರೆ ಚಿತ್ತಾರದ್ದಲ್ಲ, ಅತ್ತೆ ಗೋಡೆ ಮೇಲೆ ಬರೀತಿರೋ ಫೋಟೋದ್ದು, ಹಿಂದೆ ನಂಬರ್ ಹಾಕಿ. ದುಡ್ಡಿಗಲ್ಲ, ಸುಮ್ನೆ ಕೊಡೋಕೆ.

ಹಾಳೆ ಮೇಲಿನವು ಸುರುಳಿ ಸುತ್ತಿದ್ರೆ ಬಿಳಿ ಗೆರೆ ಬಿರುಕು ಬಿಡುತ್ತೆ. ಕೊಂಡವರಿಗೆ ಹೇಗೆ ಕಟ್ಟಿಕೊಡೋದು? ಗಾಜು ಹಾಕಿಸಿದ್ರೆ ರೈಲಲ್ಲಿ ಹೊರೋಕಾಗಲ್ಲ.

ಜಲವರ್ಣ:

ಅಕ್ರಿಲಿಕ್ ಶೀಟ್ ಹಾಕಿಸಿ, ಗಾಜಿನ ಅರ್ಧ ಭಾರನೂ ಬರಲ್ಲ. ಅದೂ ಎರಡು ಮೂರಕ್ಕೆ ಸಾಕು. ಉಳಿದವನ್ನ ಗಟ್ಟಿ ರಟ್ಟಿನ ಮಧ್ಯೆ ಚಪ್ಪಟೆಯಾಗಿ ಇಟ್ಟು, ಚಿತ್ರಕ್ಕೂ ರಟ್ಟಿಗೂ ನಡುವೆ ಬಟರ್ ಪೇಪರ್ ಹಾಕಿ, ನಾಲ್ಕೂ ಕಡೆ ಟೇಪ್ ಸುತ್ತಿ ಕೊಡಿ. ಭಾನುವಾರ ಪೇಟೆ ಕಡೆ ಅಂಗಡಿಗಳನ್ನ ನಂಬ್ಕೋಬೇಡಿ. ಸಾಗರದಲ್ಲೇ ಯಾವುದಾದ್ರೂ ಟೀವಿ, ಫ್ರಿಜ್ ಅಂಗಡಿಯಲ್ಲಿ ಕೇಳಿದ್ರೆ ಖಾಲಿ ಪೆಟ್ಟಿಗೆ ಸುಮ್ನೆ ಕೊಡ್ತಾರೆ, ಅಳತೆಗೆ ಕತ್ತರಿಸಿ ಕಟ್ಟು ಮಾಡ್ಕೊಂಡು ರೈಲು ಹತ್ತಿ. ಮಳಿಗೆ ನಂಬರ್ ಬಂದ ಮೇಲೆ ಇಲ್ಲೇ ಹಾಕಿ, ನನಗೂ ಒಂದು ಬುಟ್ಟಿ ಎತ್ತಿಡಿ.