ದಿನನಿತ್ಯದ ಬರವಣಿಗೆಗೆ ಬಳಸಿ ಎಸೆಯುವ ಪೆನ್ನು ಬಿಟ್ಟು ತುಂಬಿಸಿಕೊಳ್ಳುವ ಪೆನ್ನು: ಯಾವುದನ್ನು ಆರಿಸಿಕೊಳ್ಳಲಿ?

ಪ್ರಶ್ನೆ

ನಾನು ದಿನಕ್ಕೆ ಐದಾರು ಪುಟಗಳಷ್ಟು ಕೈಯಲ್ಲೇ ಬರೆಯುವವನು. ಓದಿದ್ದರ ಟಿಪ್ಪಣಿ, ಕಚೇರಿಯ ಕರಡು, ದಿನಚರಿ, ಎಲ್ಲವೂ ಮೊದಲು ಕಾಗದದ ಮೇಲೆ ಇಳಿದರೇ ನನಗೆ ಸಮಾಧಾನ. ಇಷ್ಟು ವರ್ಷ ಬಳಸಿ ಎಸೆಯುವ ಜೆಲ್ ಪೆನ್ನುಗಳನ್ನು ಡಜನ್ ಲೆಕ್ಕದಲ್ಲಿ ತಂದಿಟ್ಟುಕೊಳ್ಳುತ್ತಿದ್ದೆ. ಕಳೆದ ವಾರ ಮೇಜಿನ ಖಾನೆಗಳನ್ನು ಚೊಕ್ಕಟ ಮಾಡುವಾಗ ಕೆಲಸಕ್ಕೆ ಬಾರದ 43 ಪೆನ್ನುಗಳು ಸಿಕ್ಕವು. ಅವುಗಳ ಪೈಕಿ 11ರಲ್ಲಿ ಶಾಯಿ ಅರ್ಧಕ್ಕಿಂತ ಹೆಚ್ಚೇ ಉಳಿದಿದ್ದರೂ ಒಂದು ಗೆರೆಯೂ ಮೂಡಲಿಲ್ಲ. ಅಷ್ಟನ್ನೂ ಚೀಲಕ್ಕೆ ತುಂಬಿದೆ, ಆದರೆ ಕಸಕ್ಕೆ ಹಾಕಲು ಮನಸ್ಸು ಬರಲಿಲ್ಲ. ಚೀಲ ಇನ್ನೂ ಮೇಜಿನ ಪಕ್ಕದಲ್ಲೇ ಇದೆ.

ಇನ್ನು ಮುಂದೆ ತುಂಬಿಸಿಕೊಂಡು ಬಳಸುವ ಪೆನ್ನನ್ನೇ ಇಟ್ಟುಕೊಳ್ಳಬೇಕೆಂದು ನಿಶ್ಚಯಿಸಿದ್ದೇನೆ. ಆದರೆ ಶಾಯಿ ಪೆನ್ನಿಗೆ ಹೋಗಬೇಕೋ, ರೀಫಿಲ್ ಬದಲಾಯಿಸುವ ಬಾಲ್ ಪೆನ್ನೋ ಜೆಲ್ ಪೆನ್ನೋ ಸಾಕೋ ಎಂಬುದು ತೀರ್ಮಾನವಾಗುತ್ತಿಲ್ಲ. ನಾನು ಬರೆಯುವುದು ಸಾಧಾರಣ ನೋಟ್‌ಪುಸ್ತಕಗಳಲ್ಲಿ. ವಾರದಲ್ಲಿ ಎರಡು ಮೂರು ದಿನ ಪ್ರಯಾಣವೂ ಇರುತ್ತದೆ. ರೀಫಿಲ್ ಕೂಡ ಪ್ಲಾಸ್ಟಿಕ್ಕೇ ಆಗಿರುವಾಗ ಅದರಿಂದ ನಿಜವಾಗಿ ಏನಾದರೂ ಉಳಿಯುತ್ತದೆಯೇ ಎಂಬ ಸಂಶಯವೂ ಇದೆ. ಅನುಭವವಿದ್ದವರು ವಿವರವಾಗಿ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1

ನೀವು ಬರೆಯುವ ಪ್ರಮಾಣವನ್ನು ನೋಡಿದರೆ ನಾನು ಶಾಯಿ ಪೆನ್ನನ್ನೇ ಸೂಚಿಸುತ್ತೇನೆ, ಮತ್ತು ಅದಕ್ಕೆ ನನ್ನ ಮೊದಲ ಕಾರಣ ಕಸವಲ್ಲ, ಕೈ. ಬಾಲ್ ಪೆನ್ನಿನಲ್ಲಿ ಅಂಟಿನಂಥ ಎಣ್ಣೆಶಾಯಿ ಕಾಗದಕ್ಕೆ ಇಳಿಯಬೇಕಾದರೆ ತುದಿಯ ಗುಂಡು ಉರುಳಬೇಕು, ಗುಂಡು ಉರುಳಬೇಕಾದರೆ ನಾವು ಒತ್ತಬೇಕು. ಶಾಯಿ ಪೆನ್ನಿನಲ್ಲಿ ನಿಬ್ಬಿನ ಸೀಳು ಮತ್ತು ಅದರ ಅಡಿಯಲ್ಲಿರುವ ನಾಲಿಗೆಯ ಸಣ್ಣ ಗೀರುಗಳ ಮೂಲಕ ನೀರಿನಷ್ಟು ತೆಳುವಾದ ಶಾಯಿ ಲೋಮನಾಳ ಕ್ರಿಯೆಯಿಂದ ತಾನಾಗಿಯೇ ತುದಿಗೆ ಬಂದು ನಿಂತಿರುತ್ತದೆ. ನಿಬ್ಬನ್ನು ಮುಟ್ಟಿಸಿದರೆ ಸಾಕು, ಕಾಗದವೇ ಅದನ್ನು ಎಳೆದುಕೊಳ್ಳುತ್ತದೆ. ಹೊರಗೆ ಹೋದ ಶಾಯಿಯ ಜಾಗಕ್ಕೆ ಗಾಳಿ ಒಳಗೆ ಬರಲು ದಾರಿಯಿಲ್ಲದಿದ್ದರೆ ಹರಿವು ನಿಲ್ಲುತ್ತದೆ, ದಾರಿ ದೊಡ್ಡದಾದರೆ ಶಾಯಿ ಸುರಿಯುತ್ತದೆ. 1884ರಲ್ಲಿ ಲೂಯಿಸ್ ವಾಟರ್‌ಮನ್ ಪೇಟೆಂಟ್ ಪಡೆದ ಪೆನ್ನಿನ ಹೆಚ್ಚುಗಾರಿಕೆ ಇದ್ದದ್ದು ಈ ಎರಡನ್ನೂ ಹೊಂದಿಸಿದ ನಾಲಿಗೆಯಲ್ಲಿ. ಹೆಬ್ಬೆರಳಿನ ಬುಡದಲ್ಲಿ ನನಗೆ ಬರುತ್ತಿದ್ದ ನೋವು ಶಾಯಿ ಪೆನ್ನಿಗೆ ಬಂದ ಮೇಲೆ ಕಡಿಮೆಯಾಯಿತು. ಒತ್ತಿ ಬರೆಯುವ ಅಭ್ಯಾಸವನ್ನು ಬಿಡಲು ಮೂರು ನಾಲ್ಕು ವಾರ ಬೇಕಾಯಿತು ಎಂಬುದನ್ನೂ ಹೇಳಬೇಕು.

ಕೊಳ್ಳುವಾಗ ಶಾಯಿ ತುಂಬುವ ಬಗೆಯನ್ನು ಮೊದಲು ವಿಚಾರಿಸಿ. ಶಾಯಿ ತುಂಬಿಯೇ ಬರುವ ಕಾರ್ಟ್ರಿಜ್ ಮಾತ್ರ ಹಾಕಿ ಬರೆಯುವುದಾದರೆ ಪ್ರತಿ ಸಲವೂ ಒಂದು ಪ್ಲಾಸ್ಟಿಕ್ ನಳಿಕೆ ಕಸಕ್ಕೆ ಹೋಗುತ್ತದೆ. ನೀವು ಬಿಡಬೇಕೆಂದಿರುವುದು ಅದನ್ನೇ. ಸೀಸೆಯಿಂದ ಶಾಯಿ ಎಳೆದುಕೊಳ್ಳುವ ಕನ್ವರ್ಟರ್ ಇರಲಿ, ಇಲ್ಲವೇ ಹಿಂಬದಿಯ ಗುಂಡಿ ತಿರುಗಿಸಿದರೆ ಮೈಯೊಳಕ್ಕೇ ಶಾಯಿ ಎಳೆದುಕೊಳ್ಳುವ ಪಿಸ್ಟನ್ ಪೆನ್ನಾಗಲಿ. ಕನ್ವರ್ಟರ್ ಒಂದರಲ್ಲಿ ಸುಮಾರು 0.7 ಮಿಲಿಲೀಟರ್ ಶಾಯಿ ಹಿಡಿಯುತ್ತದೆ ಎಂದಿಟ್ಟುಕೊಂಡರೆ 50 ಮಿಲಿಲೀಟರಿನ ಒಂದು ಗಾಜಿನ ಸೀಸೆಯಿಂದ ಎಪ್ಪತ್ತು ಸಲ ತುಂಬಿಸಬಹುದು. ಡ್ರಾಪರಿನಿಂದ ನೇರವಾಗಿ ಪೆನ್ನಿನ ಹೊಟ್ಟೆಗೇ ಶಾಯಿ ಹನಿಸುವ ಪೆನ್ನುಗಳು ಇದರ ಮೂರು ನಾಲ್ಕು ಪಟ್ಟು ಹಿಡಿದರೂ, ಶಾಯಿ ಕಡಿಮೆಯಾದಾಗ ಒಳಗಿನ ಗಾಳಿ ಕೈಯ ಶಾಖಕ್ಕೆ ಹಿಗ್ಗಿ ನಿಬ್ಬಿನಲ್ಲಿ ಹನಿಯೊಡೆಯುವ ಸಂಭವವಿರುವುದರಿಂದ ಪ್ರಯಾಣ ಮಾಡುವವರಿಗೆ ಅವನ್ನು ಮೊದಲ ಪೆನ್ನಾಗಿ ಸೂಚಿಸಲಾರೆ. ಯಾವ ಶಾಯಿ ಪೆನ್ನೇ ಆದರೂ ಪ್ರಯಾಣದಲ್ಲಿ ನಿಬ್ಬು ಮೇಲ್ಮುಖವಾಗಿರುವಂತೆ ಇಡಿ. ವಿಮಾನವಾದರೆ ಪೂರ್ತಿ ತುಂಬಿ ಇಲ್ಲವೇ ಪೂರ್ತಿ ಬರಿದು ಮಾಡಿ ಒಯ್ಯಿರಿ.

ಸಾಧಾರಣ ನೋಟ್‌ಪುಸ್ತಕ ಎಂದಿರಿ. ಅಂಟುಲೇಪ ಕಡಿಮೆಯಿರುವ ಕಾಗದದಲ್ಲಿ ಶಾಯಿ ನಾರುಗಳಗುಂಟ ಹರಡಿ ಅಕ್ಷರದ ಅಂಚು ಬಿರಿಯುತ್ತದೆ, ಹಿಂಬದಿಗೂ ಹಾಯುತ್ತದೆ. ಸಣ್ಣ ನಿಬ್ಬನ್ನು ಆರಿಸಿಕೊಂಡರೆ ಇದು ಬಹುಮಟ್ಟಿಗೆ ತಪ್ಪುತ್ತದೆ. ಅರಗು ಬೆರೆತ ಇಂಡಿಯನ್ ಇಂಕನ್ನು ಮಾತ್ರ ಎಂದಿಗೂ ಹಾಕಬೇಡಿ, ಅದು ನಾಲಿಗೆಯ ಗೀರುಗಳಲ್ಲಿ ಒಣಗಿ ಕೂತರೆ ಪೆನ್ನು ಕೆಟ್ಟಂತೆಯೇ. ತೊಳೆಯಲು ತಣ್ಣೀರು ಸಾಕು. ಸ್ಪಿರಿಟ್ ತಾಗಿದರೆ ಅಕ್ರಿಲಿಕ್ ಮೈ ಬಿರುಕು ಬಿಡಬಹುದು.

ಉತ್ತರ 2

ಮೇಲಿನ ಉತ್ತರದಲ್ಲಿರುವ ವಿವರಗಳು ಸರಿಯಾಗಿವೆ, ತೀರ್ಮಾನವನ್ನು ಮಾತ್ರ ನಾನು ಒಪ್ಪಲಾರೆ. ಪ್ರಶ್ನೆ ಕೇಳಿದವರು ಪ್ರಯಾಣ ಮಾಡುವವರು, ಸಿಕ್ಕ ಕಾಗದದ ಮೇಲೆ ಬರೆಯುವವರು. ಅವರಿಗೆ ಒಳ್ಳೆಯ ಲೋಹದ ಮೈಯುಳ್ಳ, ರೀಫಿಲ್ ಬದಲಾಯಿಸುವ ಪೆನ್ನು ಸಾಕು. ಆದರೆ ಪೆನ್ನನ್ನು ನೋಡಿ ರೀಫಿಲ್ ಹುಡುಕಬಾರದು, ರೀಫಿಲ್ ನೋಡಿ ಪೆನ್ನು ಆರಿಸಬೇಕು. ನಾನು ಮೆಚ್ಚಿ ಕೊಂಡ ಒಂದು ಪೆನ್ನಿಗೆ ಅದೇ ಕಂಪನಿಯ ರೀಫಿಲ್ ಬಿಟ್ಟರೆ ಬೇರೆ ಯಾವುದೂ ಕೂರುತ್ತಿರಲಿಲ್ಲ. ಎರಡೇ ವರ್ಷಕ್ಕೆ ಆ ರೀಫಿಲ್ ಬರುವುದು ನಿಂತಿತು, ಗಟ್ಟಿಮುಟ್ಟಾದ ಪೆನ್ನು ವ್ಯರ್ಥವಾಯಿತು. ಆ ಬೇಸರ ನನಗೆ ಇನ್ನೂ ಇದೆ.

ಬಾಲ್ ಪೆನ್ ರೀಫಿಲ್ಲುಗಳ ಅಳತೆಗೆ ಐಎಸ್‌ಒ 12757 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಅದರಲ್ಲಿ ಜಿ2 ಎಂದು ಕರೆಯುವ, ಸುಮಾರು 98 ಮಿಲಿಮೀಟರ್ ಉದ್ದದ ದಪ್ಪ ರೀಫಿಲ್ಲನ್ನು ಹೆಚ್ಚಿನವರು ಪಾರ್ಕರ್ ರೀಫಿಲ್ ಎಂದೇ ಗುರುತಿಸುತ್ತಾರೆ. 1954ರಲ್ಲಿ ಬಂದ ಪಾರ್ಕರ್ ಜಾಟರ್ ಪೆನ್ನು ಇಂದಿಗೂ ತೆಗೆದುಕೊಳ್ಳುವುದು ಇದೇ ಆಕಾರದ ರೀಫಿಲ್ಲನ್ನು. ಹಲವು ಕಂಪನಿಗಳು ಇದನ್ನು ತಯಾರಿಸುವುದರಿಂದ ಒಬ್ಬರು ನಿಲ್ಲಿಸಿದರೂ ನಿಮ್ಮ ಪೆನ್ನು ನಿಲ್ಲುವುದಿಲ್ಲ. ಜೆಲ್ ಶಾಯಿಯೂ ಇದೇ ಅಳತೆಯಲ್ಲಿ ಸಿಗುತ್ತದೆ. ಪೈಲಟ್ ಕಂಪನಿಯ ಜಿ2 ಎಂಬ ಜೆಲ್ ಪೆನ್ನಿನ ಹೆಸರಿಗೂ ಈ ಜಿ2 ಅಳತೆಗೂ ಸಂಬಂಧವಿಲ್ಲ. ಹೆಸರು ನಂಬಿ ಒಂದರ ರೀಫಿಲ್ಲನ್ನು ಇನ್ನೊಂದಕ್ಕೆ ತಂದವರನ್ನು ಕಂಡಿದ್ದೇನೆ.

ಶಾಯಿ ಇದ್ದೂ ಬರೆಯದ ಆ 11 ಪೆನ್ನುಗಳ ಬಗ್ಗೆ ಒಂದು ಮಾತು. ಜೆಲ್ ಪೆನ್ನು ತುದಿ ಕೆಳಗಾಗಿ ಬಿದ್ದರೆ ಗುಂಡು ಕೂತ ಬಟ್ಟಲು ಜಜ್ಜಿಹೋಗುತ್ತದೆ, ಅದಕ್ಕೆ ಪರಿಹಾರವಿಲ್ಲ. ಆದರೆ ಎಷ್ಟೋ ಸಲ ನಡೆದಿರುವುದು ತುದಿಯ ಶಾಯಿ ಒಣಗಿರುವುದಷ್ಟೇ. ತುದಿಯನ್ನು ಎರಡು ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿಟ್ಟು, ಒರೆಸಿ, ಕಾಗದದ ಮೇಲೆ ಸುತ್ತು ಸುತ್ತಾಗಿ ಗೀಚಿ ನೋಡಿ.

ಉತ್ತರ 3

ಕಸದ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ರೀಫಿಲ್ ಕೂಡ ಪ್ಲಾಸ್ಟಿಕ್ಕೇ ಎಂಬ ಮಾತು ನಿಜ. ಒಂದು ಪೆನ್ನನ್ನು ಬಿಚ್ಚಿ ಅದರ ಭಾಗಗಳನ್ನು ಸಾಲಾಗಿ ಇಟ್ಟು ನೋಡಿ: ಮೈ, ಹಿಡಿಯ ರಬ್ಬರು, ಕ್ಲಿಪ್ಪು, ಸ್ಪ್ರಿಂಗು, ಒತ್ತುಗುಂಡಿ, ಇವುಗಳ ನಡುವೆ ರೀಫಿಲ್ಲು ಒಂದು ತೆಳು ನಳಿಕೆ. ತೀರುವುದು ಆ ನಳಿಕೆ ಮಾತ್ರ. ಉಳಿದದ್ದೆಲ್ಲ ಇನ್ನೂ ಹತ್ತು ವರ್ಷ ದುಡಿಯಬಲ್ಲದ್ದು. ಎಸೆದ ಮೇಲೆ ಮತ್ತೊಂದು ತೊಡಕು ಇದೆ. ಎರಡು ಮೂರು ಬಗೆಯ ಪ್ಲಾಸ್ಟಿಕ್, ಹಿತ್ತಾಳೆಯ ತುದಿ, ಟಂಗ್‌ಸ್ಟನ್ ಕಾರ್ಬೈಡಿನ ಗುಂಡು, ಉಳಿದ ಶಾಯಿ, ಇವೆಲ್ಲ ಇಷ್ಟು ಚಿಕ್ಕ ವಸ್ತುವಿನಲ್ಲಿ ಬೆರೆತಿರುವುದರಿಂದ ಬೇರ್ಪಡಿಸಿ ಮರುಬಳಕೆಗೆ ಕಳಿಸುವುದು ಬಹಳ ಕಷ್ಟ. ಮಾರ್ಸೆಲ್ ಬಿಕ್ ತಮ್ಮ ಬಿಕ್ ಕ್ರಿಸ್ಟಲ್ ಪೆನ್ನನ್ನು ಮಾರುಕಟ್ಟೆಗೆ ತಂದದ್ದು 1950ರಲ್ಲಿ. ಶಾಯಿ ತೀರಿದೊಡನೆ ಪೆನ್ನನ್ನೇ ಎಸೆಯುವುದು ಎಲ್ಲರ ರೂಢಿಯಾದದ್ದು ಅದರ ನಂತರದ ದಶಕಗಳಲ್ಲಿ.

ಒಂದು ಎಚ್ಚರಿಕೆಯನ್ನು ಕಳಕಳಿಯಿಂದ ಹೇಳುತ್ತೇನೆ. ಶಾಯಿ ಪೆನ್ನಿನ ರುಚಿ ಹತ್ತಿದ ಮೇಲೆ ನಾನು ಎರಡು ವರ್ಷದಲ್ಲಿ ಒಂಬತ್ತು ಪೆನ್ನು ಕೊಂಡೆ, ಬರೆಯುತ್ತಿದ್ದುದು ಎರಡರಲ್ಲಿ. ಉಳಿದ ಏಳನ್ನು ತಯಾರಿಸಲು ಹಿಡಿದ ಲೋಹ, ಪ್ಲಾಸ್ಟಿಕ್ಕು, ಶ್ರಮವೆಲ್ಲ ಡಬ್ಬಿಯಲ್ಲಿ ಸುಮ್ಮನೆ ಕೂತಿತ್ತು. ಬರೆಯುವವರಿಗೆ ಕೊಟ್ಟುಬಿಟ್ಟ ಮೇಲೆಯೇ ನೆಮ್ಮದಿಯಾಯಿತು.

ಅಂದಹಾಗೆ, ಹೊಸದನ್ನು ಕೊಳ್ಳುವ ಮೊದಲು ನಿಮ್ಮ ಚೀಲದಲ್ಲಿರುವ 43 ಪೆನ್ನುಗಳ ತುದಿಯನ್ನು ತಿರುಗಿಸಿ ನೋಡಿ. ಎಸೆಯುವ ಪೆನ್ನು ಎಂದು ನಾವು ಭಾವಿಸುವ ಎಷ್ಟೋ ಜೆಲ್ ಪೆನ್ನುಗಳು ತಿರುಪಿನವು, ಅವುಗಳ ರೀಫಿಲ್ಲು ಬಿಡಿಯಾಗಿಯೂ ಸಿಗುತ್ತದೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ನಿನ್ನೆ ಸಂಜೆ ಚೀಲವನ್ನು ಮೇಜಿನ ಮೇಲೆ ಸುರಿದುಕೊಂಡು ಕುಳಿತೆ. 43ರಲ್ಲಿ 31 ಪೆನ್ನುಗಳು ತಿರುಗಿಸಿದೊಡನೆ ಬಿಚ್ಚಿಕೊಂಡವು. ಇಷ್ಟು ವರ್ಷ ಒಮ್ಮೆಯೂ ತಿರುಗಿಸಿ ನೋಡಿರಲಿಲ್ಲ ಎಂಬುದು ಮನಸ್ಸಿಗೆ ತಾಗಿತು. ಒಳಗಿನ ನಳಿಕೆಗಳ ಉದ್ದವನ್ನು ಅಳತೆಪಟ್ಟಿಯಿಂದ ಅಳೆದಾಗ ಇಡೀ ರಾಶಿಯಲ್ಲಿ ಇದ್ದದ್ದು ಮೂರೇ ಅಳತೆ. ಬಿಸಿನೀರಿನ ಉಪಾಯದಿಂದ 11ರಲ್ಲಿ 5 ಪೆನ್ನುಗಳು ಮತ್ತೆ ಬರೆಯತೊಡಗಿವೆ, ಈ ತಿಂಗಳ ಬರವಣಿಗೆಗೆ ಅವೇ ಸಾಕು.

ಪ್ರಯಾಣದ ಚೀಲಕ್ಕೆ ಗಟ್ಟಿ ಮೈಯ ಎರಡು ಪೆನ್ನುಗಳನ್ನು ಆರಿಸಿಟ್ಟು, ಅವುಗಳ ಅಳತೆಗೆ ರೀಫಿಲ್ ತರಿಸುತ್ತಿದ್ದೇನೆ. ಮನೆಯ ಮೇಜಿಗೆ ಕನ್ವರ್ಟರ್ ಇರುವ, ಸಣ್ಣ ನಿಬ್ಬಿನ ಶಾಯಿ ಪೆನ್ನು ಒಂದೇ ಒಂದು. ಕೈನೋವಿನ ಮಾತು ನನ್ನ ಅನುಭವಕ್ಕೂ ಹತ್ತಿರವಾದದ್ದರಿಂದ ಅದನ್ನು ಬಿಡಲು ಮನಸ್ಸಾಗಲಿಲ್ಲ. ಈಗಿರುವ ನೋಟ್‌ಪುಸ್ತಕಗಳಲ್ಲಿ ಶಾಯಿ ಹಿಂಬದಿಗೆ ಹಾಯ್ದರೆ, ಅವು ಮುಗಿಯುವವರೆಗೆ ಹಾಳೆಯ ಒಂದೇ ಮಗ್ಗುಲಲ್ಲಿ ಬರೆಯುತ್ತೇನೆ.